ಮೂಳೆ ಮುರಿದಿಲ್ಲ, ಬರೀ ಒಳಪೆಟ್ಟು ಅಂದ್ರೆ ಪರಿಹಾರ ಸಿಗಲ್ವಾ?

ಪ್ರಶ್ನೆ: ಸರ್, ನಾನು ತುಮಕೂರು ಹತ್ರದ ಹಳ್ಳಿಯವಳು, ವಯಸ್ಸು 38, ಮನೇಲೇ ಬ್ಲೌಸ್, ಚೂಡಿದಾರ್ ಹೊಲಿತೀನಿ. ನಾಲ್ಕು ತಿಂಗಳ ಹಿಂದೆ ಯಜಮಾನ್ರ ಸ್ಕೂಟರಲ್ಲಿ ಹಿಂದೆ ಕೂತು ಹೋಗ್ತಿದ್ದಾಗ ಗೂಡ್ಸ್ ಆಟೋದವನು ಹಿಂದಿನಿಂದ ಬಂದು ಗುದ್ದಿದ, ಇಬ್ರೂ ಬಿದ್ವಿ. ಎಕ್ಸ್‌ರೇಲಿ ಫ್ರ್ಯಾಕ್ಚರ್ ಇಲ್ಲ ಅಂದ್ರು. ಆದ್ರೆ ಕತ್ತು, ಬಲಭುಜದ ನೋವು ಇವತ್ತಿಗೂ ಹೋಗಿಲ್ಲ, ಆಮೇಲೆ ಮಾಡಿಸಿದ ಎಮ್‌ಆರ್‌ಐನಲ್ಲಿ ಭುಜದ ಟೆಂಡನ್ ಅರ್ಧ ಹರಿದಿದೆ ಅಂತ ಬಂದಿದೆ. ಪೊಲೀಸ್ ರಗಳೆ ಬೇಡ ಅಂತ ಆಸ್ಪತ್ರೇಲಿ ಯಜಮಾನ್ರು ನಾವೇ ಸ್ಕಿಡ್ ಆಗಿ ಬಿದ್ವಿ ಅಂತ ಬರೆಸಿಬಿಟ್ಟಿದ್ದಾರೆ, ಕಂಪ್ಲೇಂಟ್ ಕೊಟ್ಟಿದ್ದು 9 ದಿನ ಆದ್ಮೇಲೆ. ಆಟೋ ಓನರ್ 5 ಸಾವಿರ ಕೊಟ್ಟು ಒಂದು ಪೇಪರಿಗೆ ಸಹಿ ಹಾಕಿಸ್ಕೊಂಡಿದ್ದಾನೆ. ಈಗ ಇನ್ಶೂರೆನ್ಸ್ ಕಡೆಯಿಂದ ಅಂತ ಒಬ್ರು ಫೋನ್ ಮಾಡಿ 20 ಸಾವಿರ ತಗೊಂಡು ಮುಗಿಸ್ಕೊಳ್ಳಿ ಅಂತಿದ್ದಾರೆ. ಮೂಳೆ ಮುರೀದೆ ಕೇಸ್ ನಿಲ್ಲಲ್ಲ ಅಂತ ಊರಲ್ಲೆಲ್ಲ ಹೇಳ್ತಾರೆ, ನಿಜಾನಾ? ನಾನೀಗ ಸ್ವಲ್ಪ ಸ್ವಲ್ಪ ಹೊಲಿತಿದೀನಿ, ಅದ್ರಿಂದ ಕೇಸಿಗೆ ತೊಂದ್ರೆ ಆಗುತ್ತಾ?

ಉತ್ತರ:

ಅಮ್ಮಾ, ಮೊದಲು ಆ 20 ಸಾವಿರದ ವಿಷಯ. ಯಾವ ಪೇಪರಿಗೂ ಸಹಿ ಹಾಕ್ಬೇಡಿ. ಫೋನಲ್ಲೂ ಆಯ್ತು ಅಂತ ಒಪ್ಕೋಬೇಡಿ, ಟ್ರೀಟ್‌ಮೆಂಟ್ ಇನ್ನೂ ನಡೀತಿದೆ ಅಂತ ಹೇಳಿ ಸುಮ್ನಾಗಿ. ಯಾಕಂದ್ರೆ ಫುಲ್ ಅಂಡ್ ಫೈನಲ್ ಅಂತ ಬರೆದಿರೋ ಡಿಸ್ಚಾರ್ಜ್ ವೋಚರಿಗೆ, ಅಂದ್ರೆ ದುಡ್ಡು ಬಂತು, ಇನ್ನೇನೂ ಕೇಳಲ್ಲ ಅನ್ನೋ ರಸೀದಿಗೆ, ಒಂದ್ಸಲ ಸಹಿ ಬಿದ್ರೆ, ನಾಳೆ ಡಾಕ್ಟ್ರು ಭುಜಕ್ಕೆ ಆಪರೇಷನ್ ಮಾಡ್ಬೇಕಾಗುತ್ತೆ ಅಂದ್ರೂ ಆ ಸಹಿ ಅಡ್ಡ ಬರುತ್ತೆ, ಅದನ್ನ ತೆಗೆಸೋಕೆ ಇನ್ನೊಂದು ಹೋರಾಟ ಮಾಡ್ಬೇಕಾಗುತ್ತೆ.

ಮೂಳೆ ಮುರೀದೆ ಕೇಸ್ ನಿಲ್ಲಲ್ಲ ಅನ್ನೋದು ಸುಳ್ಳು. ಮೋಟಾರು ವಾಹನ ಕಾಯ್ದೆ 1988ರ 166ನೇ ಸೆಕ್ಷನ್ನು ಗಾಯ ಆದವರು ಅರ್ಜಿ ಹಾಕಬಹುದು ಅನ್ನುತ್ತೆ ಅಷ್ಟೇ, ಮೂಳೆ ಮುರಿದಿರಬೇಕು ಅಂತ ಎಲ್ಲೂ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಎಂವಿಸಿ, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸುಗಳನ್ನೇ ನಡೆಸ್ತಾ ಬಂದಿದೀನಿ, ಮೂಳೆ ಮುರಿದ ಕೇಸಿಗೂ ಒಳಪೆಟ್ಟಿನ ಕೇಸಿಗೂ ನಾನು ಕಂಡಿರೋ ವ್ಯತ್ಯಾಸ ಒಂದೇ. ಮೂಳೆ ಮುರಿದ್ರೆ ಎಕ್ಸ್‌ರೇನೇ ಸಾಕ್ಷಿ ಹೇಳಿಬಿಡುತ್ತೆ, ಜಡ್ಜ್ ಫಿಲ್ಮ್ ಎತ್ತಿ ಬೆಳಕಿಗೆ ಹಿಡಿದ್ರೆ ಮುಗೀತು. ಮೂಳೆಗೆ ಮೂಳೆ ಜೋಡಿಸೋ ಲಿಗಮೆಂಟು, ಮಾಂಸಖಂಡನ ಮೂಳೆಗೆ ಜೋಡಿಸೋ ಟೆಂಡನ್ನು, ಮಾಂಸಖಂಡ ಇವ್ಯಾವೂ ಎಕ್ಸ್‌ರೇಗೆ ಕಾಣಲ್ಲ, ಹಾಗಾಗಿ ಸಾಕ್ಷಿನ ನೀವೇ ದಿನಾ ಒಂದೊಂದು ಕಾಗದ ಸೇರಿಸಿ ಕಟ್ಟಬೇಕು. ಕಟ್ಟದೇ ಹೋದವರ ಕೇಸು ಬಿದ್ದಿರೋದನ್ನ ನೋಡಿ ಊರವರು ಹಾಗೆ ಹೇಳ್ತಿರೋದು.

ನಿಮ್ಮ ವಿಷಯದಲ್ಲಿ ಎಮ್‌ಆರ್‌ಐ ಇದೆ, ಅದು ಸಣ್ಣದಲ್ಲ. ಇಂಥ ಕೇಸುಗಳಲ್ಲಿ ಎಷ್ಟೋ ಜನ ಎಕ್ಸ್‌ರೇ ನಾರ್ಮಲ್ ಅಂದ ತಕ್ಷಣ ಒಂದು ಮುಲಾಮು, ನಾಲ್ಕು ನೋವಿನ ಮಾತ್ರೆ ತಗೊಂಡು ಮನೆಗೆ ಬಂದುಬಿಡ್ತಾರೆ, ಆಮೇಲೆ ನೋವು ಕಮ್ಮಿ ಆಗ್ಲಿಲ್ಲ ಅಂತ ಪುತ್ತೂರು ಕಟ್ಟು ಕಟ್ಟಿಸ್ತಾರೆ, ಎಣ್ಣೆ ಉಜ್ಜಿಸ್ತಾರೆ. ಅದ್ರಿಂದ ಆರಾಮ ಆಗುತ್ತೋ ಇಲ್ವೋ ಅದು ಬೇರೆ ವಿಷಯ, ಆದ್ರೆ ಕೋರ್ಟ್ ಕಣ್ಣಿಗೆ ಅಷ್ಟು ದಿನ ಅವರು ಟ್ರೀಟ್‌ಮೆಂಟೇ ತಗೊಂಡಿಲ್ಲ. ಇನ್ಶೂರೆನ್ಸ್ ವಕೀಲರು ಕೇಳೋ ಮೊದಲ ಪ್ರಶ್ನೆನೇ ಅದು: ಫೆಬ್ರವರಿಯಿಂದ ಮೇ ತಿಂಗಳವರೆಗೆ ನೀವು ಯಾವ ಡಾಕ್ಟರ ಹತ್ರಾನೂ ಹೋಗಿಲ್ಲ ಅಂದ್ರೆ ಸರಿ ತಾನೇ? ಸರಿ ಅನ್ನದೇ ವಿಧಿ ಇರಲ್ಲ. ಹಾಗಾಗಿ ಇವತ್ತಿಂದ ಬಿಡುವು ಕೊಡಬೇಡಿ, ಫಿಸಿಯೋಥೆರಪಿ ಬರೆದುಕೊಟ್ಟಿದ್ರೆ ಹೋಗಿ, ದುಡ್ಡಿನ ತೊಂದ್ರೆ ಇದ್ರೆ ಜಿಲ್ಲಾಸ್ಪತ್ರೆಗೇ ಹೋಗಿ, ಸರ್ಕಾರಿ ಆಸ್ಪತ್ರೆಯ ಒಪಿಡಿ ಚೀಟಿಗೆ ಕೋರ್ಟಲ್ಲಿ ಒಳ್ಳೇ ಬೆಲೆ ಇದೆ.

ಡಾಕ್ಟ್ರ ಹತ್ರ ಹೋದಾಗ ನೋವು ಸರ್ ಅಂತ ಅಷ್ಟೇ ಹೇಳಿ ಬರಬೇಡಿ. ಕೈ ಎಷ್ಟು ಎತ್ತಕ್ಕಾಗುತ್ತೆ ಅನ್ನೋದನ್ನ ಅಳೆದು ಚೀಟಿ ಮೇಲೆ ಬರೀರಿ ಅಂತ ಕೇಳಿ. ಗೋನಿಯೋಮೀಟರ್ ಅಂತ ಕೋನ ಅಳೆಯೋ ಒಂದು ಸಾಧನ ಇರುತ್ತೆ, ಫಿಸಿಯೋದವರ ಹತ್ರ ಖಂಡಿತ ಇರುತ್ತೆ. ಸಾಮಾನ್ಯವಾಗಿ ಕೈ ಪಕ್ಕದಿಂದ ಮೇಲಕ್ಕೆ 180 ಡಿಗ್ರಿವರೆಗೆ ಹೋಗುತ್ತೆ, ನಿಮಗೆ 100ಕ್ಕೆ ನಿಂತುಹೋಗ್ತಿದ್ರೆ ಆ 100 ಅನ್ನೋ ನಂಬರು ತಾರೀಖಿನ ಸಮೇತ ಕಾಗದದ ಮೇಲೆ ಇರಬೇಕು. ಮುಂದಿನ ತಿಂಗಳು 120, ಅದರ ಮುಂದಿನ ತಿಂಗಳು ಅಲ್ಲೇ 120. ಹೀಗೆ ಮೂರ್ನಾಲ್ಕು ಸಲ ಅಳೆದಿದ್ದು ಫೈಲಲ್ಲಿ ಇದ್ರೆ ಅದು ನಾಟಕ ಅಂತ ಯಾರೂ ಹೇಳಕ್ಕಾಗಲ್ಲ. ಕೈ ಜೋಮು ಹಿಡಿಯೋದು, ಹಿಡಿದ ವಸ್ತು ಜಾರೋದು ಇದ್ರೆ ಕೇಸಿಗಿಂತ ಮುಂಚೆ ನಿಮ್ಮ ಆರೋಗ್ಯಕ್ಕೋಸ್ಕರ ತಕ್ಷಣ ಹೇಳಿ, ಅದು ಕತ್ತಿನ ನರದ ವಿಷಯ ಆಗಿರಬಹುದು, ತಡ ಮಾಡೋದಲ್ಲ.

ಈಗ ಕಷ್ಟದ ವಿಷಯ, ಆಸ್ಪತ್ರೇಲಿ ಸ್ಕಿಡ್ ಅಂತ ಬರೆಸಿರೋದು. ಇದನ್ನ ನಾನು ಹಗುರ ಮಾಡಿ ಹೇಳಲ್ಲ, ನಿಮ್ಮ ಕೇಸಲ್ಲಿ ಅತಿ ದೊಡ್ಡ ತೂತು ಇದೇ. ಯಾಕಂದ್ರೆ ಗುದ್ದಿದ ಗಾಡಿ ಇಲ್ಲದೇ ತಾನೇ ಬಿದ್ದಿದ್ದಾದ್ರೆ ಆಟೋದ ಇನ್ಶೂರೆನ್ಸು ಕೊಡೋ ಪ್ರಶ್ನೆನೇ ಇಲ್ಲ, ಆಮೇಲೆ ಯಾವುದೋ ಗಾಡಿ ತಂದು ಸೇರಿಸಿದ್ದಾರೆ ಅಂತ ವಾದ ಮಾಡ್ತಾರೆ, ಹಾಗೆ ಸುಳ್ಳು ಕೇಸ್ ಮಾಡಿದವರೂ ಇರೋದ್ರಿಂದ ಜಡ್ಜಿಗೂ ಅನುಮಾನ ಬರುತ್ತೆ. ಇಂಥ ಒಂದೇ ಒಂದು ಸಾಲಿಂದ ಕೈ ತಪ್ಪಿದ ಕೇಸು ನನ್ನ ಕೈಯಲ್ಲೇ ಆಗಿದೆ. ಗಂಡ ಹೆಂಡತಿ ಇಬ್ರೂ ನಿಜ ಹೇಳ್ತಿದ್ರು ಅಂತ ನನಗೆ ಗೊತ್ತು, ಆದ್ರೆ ಕೇಸ್ ಶೀಟಿನ ಮೊದಲನೇ ಪುಟದಲ್ಲಿ ಡ್ಯೂಟಿ ಡಾಕ್ಟರು ಗೀಚಿದ್ದ ಸೆಲ್ಫ್ ಫಾಲ್ ಅನ್ನೋ ಎರಡು ಪದದ ಮುಂದೆ ನಾವು ಆಡಿದ್ದೆಲ್ಲ ಸಪ್ಪೆ ಆಗೋಯ್ತು. ಆವಾಗಿಂದ ಯಾರೇ ಬಂದ್ರೂ ನಾನು ಮೊದಲು ಕೇಳೋದು ಎಫ್‌ಐಆರ್ ಅಲ್ಲ, ಆಸ್ಪತ್ರೆಯ ಮೊದಲ ಚೀಟಿ.

ಆ ಚೀಟಿನ ತಿದ್ದಕ್ಕೆ ಹೋಗಬೇಡಿ, ಯಾರಾದ್ರೂ ನಾನು ಮ್ಯಾನೇಜ್ ಮಾಡಿಸ್ತೀನಿ ಅಂದ್ರೆ ಅವರನ್ನ ಹತ್ರಕ್ಕೆ ಸೇರಿಸಬೇಡಿ. ತಿದ್ದಿದ ಕಾಗದ ಸಿಕ್ಕಿಬಿದ್ರೆ ಕೇಸೂ ಹೋಗುತ್ತೆ, ಕ್ರಿಮಿನಲ್ ಕೇಸೂ ಮೈಮೇಲೆ ಬರುತ್ತೆ. ಅರ್ಜಿಲೇ ನೇರವಾಗಿ ಇದ್ದದ್ದನ್ನ ಇದ್ದ ಹಾಗೆ ಬರೆಸಿ: ಗಾಬರಿಲಿ, ಪೊಲೀಸ್ ಸ್ಟೇಷನ್ ಅಲೆದಾಟಕ್ಕೆ ಹೆದರಿ ಗಂಡ ಹಾಗೆ ಹೇಳಿದ್ರು, ನಿಜವಾಗಿ ಆಗಿದ್ದು ಹೀಗೆ. ಅದಕ್ಕೆ ಬೇರೆ ಆಧಾರ ಕೂಡಿಸಿ. ಜಾಗದಲ್ಲಿ ಇದ್ದ ಅಂಗಡಿಯವರು, ನಿಮ್ಮನ್ನ ಎತ್ತಿ ಕೂರಿಸಿ ನೀರು ಕೊಟ್ಟವರು ಯಾರು ಅಂತ ನೆನಪು ಮಾಡ್ಕೊಳ್ಳಿ. 112ಕ್ಕೆ ಯಾರಾದ್ರೂ ಫೋನ್ ಮಾಡಿದ್ರಾ? ಸ್ಕೂಟರಿನ ಹಿಂಭಾಗ ಜಖಂ ಆಗಿದ್ರೆ, ಆಟೋದ ಮುಂಭಾಗ ತಗ್ಗಾಗಿದ್ರೆ ಅದು ಆರ್‌ಟಿಓದವರು ಗಾಡಿ ನೋಡಿ ಕೊಡೋ ಐಎಂವಿ ರಿಪೋರ್ಟಲ್ಲಿ ಬಂದಿರುತ್ತೆ, ಸ್ಕಿಡ್ ಆಗಿ ಬಿದ್ದ ಸ್ಕೂಟರಿಗೆ ಪಕ್ಕ ಉಜ್ಜಿರುತ್ತೆ ಹೊರತು ಹಿಂದಿನ ನಂಬರ್ ಪ್ಲೇಟು ಮಡಚಿರಲ್ಲ. ರಿಪೇರಿ ಮಾಡಿಸೋಕೆ ಮುಂಚೆ ಫೋಟೋ ತೆಗೆದಿದ್ರೆ ಅದನ್ನ ಮೊಬೈಲಲ್ಲಿ ಹಾಗೇ ಇಟ್ಕೊಳ್ಳಿ, ಡಿಲೀಟ್ ಮಾಡಬೇಡಿ.

ಇನ್ನೊಂದು ವಿಷಯ ಕೇಳಿದ್ರೆ ನಿಮಗೆ ಆಶ್ಚರ್ಯ ಆಗಬಹುದು, ಆಟೋ ಓನರ್ ಹಾಕಿಸ್ಕೊಂಡ ಆ 5 ಸಾವಿರದ ಪೇಪರು ನಿಮ್ಮ ಕೈ ಹಿಡಿಯೋ ಸಾಧ್ಯತೆ ಇದೆ. ಅದರಲ್ಲಿ ಇಂಥ ದಿನ ನನ್ನ ಗಾಡಿಯಿಂದ ಆದ ಅಪಘಾತಕ್ಕೆ ಅಂತ ಒಂದು ಸಾಲು ಇದ್ರೆ, ಅಪಘಾತ ಆಗಿದ್ದು ಆ ಗಾಡಿಯಿಂದಲೇ ಅಂತ ಅವನೇ ಬರೆದುಕೊಟ್ಟ ಹಾಗಾಯ್ತು, ನೀವು ಕಂಪ್ಲೇಂಟ್ ಕೊಡೋಕೆ ಮುಂಚೆನೇ ಬರೆದಿದ್ದಾದ್ರೆ ಇನ್ನೂ ಒಳ್ಳೇದು. ಅದರ ಒಂದು ಕಾಪಿನೋ ಫೋಟೋನೋ ಸಿಗುತ್ತಾ ನೋಡಿ, ದುಡ್ಡು ಫೋನ್‌ಪೇಲಿ ಬಂದಿದ್ರೆ ಆ ಎಂಟ್ರಿನೂ ತೆಗೆದಿಡಿ. 5 ಸಾವಿರ ತಗೊಂಡಿದ್ದನ್ನ ಮುಚ್ಚಿಡಬೇಡಿ, ಕೋರ್ಟು ಕೊಡೋ ಮೊತ್ತದಲ್ಲಿ ಹೆಚ್ಚಂದ್ರೆ ಆ 5 ಸಾವಿರ ಕಳೀಬಹುದು, ಮುಚ್ಚಿಟ್ಟು ಕ್ರಾಸಲ್ಲಿ, ಅಂದ್ರೆ ಎದುರು ವಕೀಲರು ಪ್ರಶ್ನೆ ಮಾಡುವಾಗ, ಹೊರಗೆ ಬಂದ್ರೆ ನಿಮ್ಮ ಮಾತಿನ ಮೇಲಿನ ನಂಬಿಕೆನೇ ಹೋಗುತ್ತೆ.

9 ದಿನ ತಡ ಆಗಿದ್ದಕ್ಕೆ ಅಷ್ಟು ಹೆದರಬೇಡಿ. ರವಿ ವರ್ಸಸ್ ಬದ್ರಿನಾರಾಯಣ ಅನ್ನೋ ಕೇಸಲ್ಲಿ 2011ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಅಪಘಾತ ಆದಾಗ ನಮ್ಮ ಜನ ಮೊದಲು ಗಾಯಾಳುನ ಆಸ್ಪತ್ರೆಗೆ ಸೇರಿಸೋದು ನೋಡ್ತಾರೆ, ಸ್ಟೇಷನ್ನಿಗೆ ಓಡಲ್ಲ, ಬರೀ ಎಫ್‌ಐಆರ್ ತಡ ಆಯ್ತು ಅನ್ನೋ ಕಾರಣಕ್ಕೆ ನಿಜವಾದ ಕೇಸನ್ನ ತಳ್ಳಿಹಾಕೋ ಹಾಗಿಲ್ಲ ಅಂತ. ಪೊಲೀಸರು ತನಿಖೆ ಮುಗಿಸಿ ಆಟೋ ಡ್ರೈವರ್ ಮೇಲೆ ಚಾರ್ಜ್‌ಶೀಟ್ ಹಾಕಿದ್ರಾ ಅಂತ ವಿಚಾರಿಸಿ. ಹಾಕಿದ್ರೆ ಅರ್ಧ ಭಾರ ಇಳೀತು. ಅವನು ಕೋರ್ಟಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ರೆ ಆ ಆರ್ಡರ್ ಶೀಟಿನ ನಕಲು ತಗೊಳ್ಳಿ. ಎಂವಿಸಿ ಕೇಸಲ್ಲಿ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಾದ ಪುರಾವೆ ಬೇಕಿಲ್ಲ, ಹೀಗೆ ಆಗಿರೋ ಸಾಧ್ಯತೆನೇ ಹೆಚ್ಚು ಅಂತ ಟ್ರಿಬ್ಯೂನಲ್ಲಿಗೆ, ಅಂದ್ರೆ ಈ ಪರಿಹಾರದ ಅರ್ಜಿ ನಡೆಸೋ ಕೋರ್ಟಿಗೆ, ಅನ್ನಿಸಿದ್ರೆ ಸಾಕು.

ನಿಮ್ಮ ಯಜಮಾನ್ರು ದಿಢೀರ್ ಬ್ರೇಕ್ ಹಾಕಿದ್ರು ಅಂತ ಇನ್ಶೂರೆನ್ಸ್ ಕಡೆಯವರು ವಾದ ಮಾಡಬಹುದು. ಮಾಡ್ಲಿ. ನೀವು ಹಿಂದೆ ಕೂತವರು, ಎರಡು ಗಾಡಿಯವರದ್ದೂ ತಪ್ಪಿದೆ ಅಂತಾದ್ರೂ ಹಿಂದೆ ಕೂತವರು ಇಬ್ಬರಲ್ಲಿ ಯಾರ ಹತ್ರ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು ಅಂತ 2015ರ ಖೆನ್ಯೆಯ್ ಕೇಸಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿದೆ. ಯಜಮಾನ್ರಿಗೆ ಆದ ಗಾಯಕ್ಕೆ ಅವರು ಬೇರೆ ಅರ್ಜಿ ಹಾಕಬೇಕು, ಅವರ ವಿಷಯದಲ್ಲಿ ಈ ವಾದಕ್ಕೆ ತೂಕ ಜಾಸ್ತಿ.

ಟೈಮಿನ ವಿಷಯ ತಲೇಲಿ ಇಟ್ಕೊಳ್ಳಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಆರು ತಿಂಗಳ ಮಿತಿನೇ ಸರಿಯಲ್ಲ ಅಂತ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದ್ದಾರೆ, 2025ರ ನವೆಂಬರಲ್ಲಿ ಕೋರ್ಟು ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಅರ್ಜಿಗಳನ್ನ ವಜಾ ಮಾಡಬೇಡಿ ಅಂತ ಮಧ್ಯಂತರ ಆದೇಶನೂ ಕೊಟ್ಟಿದೆ. ಆದ್ರೆ ಮಧ್ಯಂತರ ಆದೇಶ ನಂಬ್ಕೊಂಡು ಕೂರಬೇಡಿ, ನಾಲ್ಕು ತಿಂಗಳು ಈಗಾಗಲೇ ಕಳೆದಿದೆ, ಐದನೇ ತಿಂಗಳೊಳಗೆ ಅರ್ಜಿ ಬೀಳಲಿ. ಟ್ರೀಟ್‌ಮೆಂಟ್ ಮುಗಿದ ಮೇಲೆ ಹಾಕೋಣ ಅನ್ನೋದು ಜನ ಮಾಡೋ ತಪ್ಪು, ಅರ್ಜಿ ಹಾಕಿ ಟ್ರೀಟ್‌ಮೆಂಟ್ ಮುಂದುವರಿಸಬಹುದು, ಮುಂದಿನ ಬಿಲ್ಲುಗಳನ್ನ ಸಾಕ್ಷಿ ಹೇಳೋವಾಗ ಹಾಜರುಪಡಿಸಬಹುದು. ಅಪಘಾತ ಬೇರೆ ಜಿಲ್ಲೇಲಿ ಆಗಿದ್ರೂ ನೀವು ವಾಸ ಇರೋ ಜಾಗದ ಟ್ರಿಬ್ಯೂನಲ್ಲಲ್ಲೇ ಹಾಕಬಹುದು, ಅಂದ್ರೆ ತುಮಕೂರಲ್ಲೇ.

ಇನ್ನು ವೂಂಡ್ ಸರ್ಟಿಫಿಕೇಟ್. ಪೊಲೀಸರು ಆಸ್ಪತ್ರೆಯಿಂದ ತರಿಸೋ ಈ ಕಾಗದದಲ್ಲಿ ನಿಮ್ಮದು ಸಾಧಾರಣ ಗಾಯ ಅಂತಲೇ ಇರುತ್ತೆ, ಮೂಳೆ ಮುರೀದೆ ಇದ್ರೆ ಡಾಕ್ಟ್ರುಗಳು ಅಭ್ಯಾಸಬಲದಿಂದ ಹಾಗೇ ಬರೀತಾರೆ. ಆದ್ರೆ ಕಾನೂನಲ್ಲಿ ತೀವ್ರ ಗಾಯ ಅಂದ್ರೆ ಬರೀ ಮೂಳೆ ಮುರಿತ ಅಲ್ಲ. ಹಳೇ ಐಪಿಸಿ 320ರಲ್ಲಿ 20 ದಿನ ವಿಪರೀತ ನೋವು ತಿಂದ್ರೆ ಅಥವಾ ತನ್ನ ಮಾಮೂಲಿ ಕೆಲಸ ಮಾಡಕ್ಕಾಗದೇ ಹೋದ್ರೆ ಅದೂ ತೀವ್ರ ಗಾಯನೇ ಅಂತ ಇತ್ತು, 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ನಲ್ಲಿ ಅದನ್ನ 15 ದಿನಕ್ಕೆ ಇಳಿಸಿದ್ದಾರೆ. ನೀವು ಎರಡು ತಿಂಗಳು ಮೆಷಿನ್ ಮುಟ್ಟಿಲ್ಲ ಅಂತಾದ್ರೆ, ಅದನ್ನ ತೋರಿಸೋ ಆಸ್ಪತ್ರೆ ಚೀಟಿಗಳಿದ್ರೆ, ನಿಮ್ಮದು ಸಾಧಾರಣ ಗಾಯ ಅಲ್ಲ ಅಂತ ವಾದ ಮಾಡೋಕೆ ಜಾಗ ಇದೆ. ಎಮ್‌ಆರ್‌ಐ ರಿಪೋರ್ಟನ್ನ ತನಿಖಾಧಿಕಾರಿಗೂ ಒಂದು ಅರ್ಜಿ ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಎಷ್ಟು ಸಿಗುತ್ತೆ ಅನ್ನೋದೇ ಎಲ್ರ ಪ್ರಶ್ನೆ. ಇಂಗ್ಲೆಂಡಲ್ಲಿ ಕತ್ತಿನ ಉಳುಕಿಗೆ ಅಂತಲೇ ನೋವು ಎಷ್ಟು ತಿಂಗಳು ಇತ್ತು ಅನ್ನೋದರ ಮೇಲೆ ಇಷ್ಟು ಪೌಂಡು ಅಂತ 2021ರಿಂದ ಒಂದು ಪಟ್ಟಿ ಮಾಡಿದ್ದಾರೆ. ನಮ್ಮಲ್ಲಿ ಒಳಪೆಟ್ಟಿಗೆ ಅಂಥ ಪಟ್ಟಿ ಇಲ್ಲ, ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಅನ್ನೋ 2010ರ ಸುಪ್ರೀಂ ಕೋರ್ಟ್ ತೀರ್ಪೇ ಇವತ್ತಿಗೂ ದಾರಿದೀಪ. ಅದರಲ್ಲಿ ಹೇಳಿರೋದು ಇಷ್ಟು: ಮಾಮೂಲಿ ಗಾಯದ ಕೇಸಲ್ಲಿ ಆಸ್ಪತ್ರೆ ಖರ್ಚು ಅಂದ್ರೆ ಔಷಧಿ, ಓಡಾಟ, ಪೌಷ್ಟಿಕ ಆಹಾರ ಎಲ್ಲ ಸೇರಿ ಒಂದು, ಟ್ರೀಟ್‌ಮೆಂಟ್ ಟೈಮಲ್ಲಿ ಕಳ್ಕೊಂಡ ದುಡಿಮೆ ಎರಡು, ನೋವು ಸಂಕಟಕ್ಕೆ ಮೂರು, ಇಷ್ಟು ಕೊಡಬೇಕು. ಮುಂದೆ ಜೀವನಪೂರ್ತಿ ದುಡಿಮೆ ಕಮ್ಮಿ ಆಗುತ್ತೆ, ಮುಂದೆ ಆಪರೇಷನ್ ಬೇಕು, ಬದುಕಿನ ಸುಖ ಹೋಯ್ತು ಅನ್ನೋದಕ್ಕೆಲ್ಲ ಕೊಡಬೇಕಾದ್ರೆ ಡಾಕ್ಟರ ಸಾಕ್ಷಿ ಗಟ್ಟಿಯಾಗಿರಬೇಕು.

ನಿಮ್ಮ ಲೆಕ್ಕನ ಒಂದು ಉದಾಹರಣೆಗೆ ಹಾಕಿ ನೋಡೋಣ, ಇದು ಭರವಸೆ ಅಲ್ಲ, ಲೆಕ್ಕ ಹೇಗೆ ಹೋಗುತ್ತೆ ಅಂತ ಗೊತ್ತಾಗ್ಲಿ ಅಂತ. ಎಮ್‌ಆರ್‌ಐ, ಔಷಧಿ, ಫಿಸಿಯೋ ಎಲ್ಲ ಸೇರಿ 35 ಸಾವಿರದ ಬಿಲ್ ಇದೆ ಅನ್ನಿ. ತಿಂಗಳಿಗೆ 15 ಸಾವಿರ ಆದಾಯ ಅಂತ ಟ್ರಿಬ್ಯೂನಲ್ ಒಪ್ಪಿ ಮೂರು ತಿಂಗಳ ದುಡಿಮೆ ಕೊಟ್ರೆ 45 ಸಾವಿರ. ನೋವು ಸಂಕಟಕ್ಕೆ ಒಂದು 30 ಸಾವಿರ, ಓಡಾಟ ಆಹಾರಕ್ಕೆ 10 ಸಾವಿರ. ಅಲ್ಲಿಗೆ 1 ಲಕ್ಷದ 20 ಸಾವಿರ ಆಯ್ತು, ಅದರ ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿ, ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 6 ಕೊಡ್ತಾರೆ. ಇನ್ನು ಭುಜದಲ್ಲಿ ಶಾಶ್ವತ ಊನ ಉಳಿದಿದೆ, ಆ ಕೈಗೆ ಶೇ. 15, ಇಡೀ ದೇಹಕ್ಕೆ ಲೆಕ್ಕ ಹಾಕಿದ್ರೆ ಅದರ ಮೂರನೇ ಒಂದು ಭಾಗ ಶೇ. 5 ಅಂತ ಡಾಕ್ಟ್ರು ಹೇಳಿ ಟ್ರಿಬ್ಯೂನಲ್ ಒಪ್ಪಿದ್ರೆ, ನಿಮ್ಮ ವಯಸ್ಸಿಗೆ 2009ರ ಸರ್ಲಾ ವರ್ಮಾ ತೀರ್ಪಿನ ಪ್ರಕಾರ ಗುಣಕ, ಅಂದ್ರೆ ವರ್ಷದ ದುಡಿಮೆನ ಎಷ್ಟರಿಂದ ಗುಣಿಸಬೇಕು ಅನ್ನೋ ಸಂಖ್ಯೆ, 15, 15 ಸಾವಿರ ಇಂಟು 12 ಇಂಟು 15, ಅದರಲ್ಲಿ ಶೇ. 5 ಅಂದ್ರೆ 1 ಲಕ್ಷದ 35 ಸಾವಿರ. ಈಗ ನೋಡಿ, 20 ಸಾವಿರಕ್ಕೆ ಮುಗಿಸ್ಕೊಳ್ಳಿ ಅಂತಿದ್ದಾರಲ್ಲ, ಯಾವುದಕ್ಕೆ ಹೋಲಿಸಿ ಅನ್ನೋದು ನಿಮಗೇ ತಿಳಿಯುತ್ತೆ.

ಆ ಕೊನೇ 1 ಲಕ್ಷದ 35 ಸಾವಿರದ ಮೇಲೆ ಈಗಲೇ ಆಸೆ ಇಟ್ಕೋಬೇಡಿ. ಅದೇ ರಾಜ್ ಕುಮಾರ್ ತೀರ್ಪಲ್ಲಿ ಇನ್ನೊಂದು ಮಾತಿದೆ, ಡಾಕ್ಟ್ರು ಹೇಳಿದ ಪರ್ಸೆಂಟೇಜೇ ದುಡಿಮೆ ನಷ್ಟದ ಪರ್ಸೆಂಟೇಜ್ ಅಂತ ಕಣ್ಣುಮುಚ್ಚಿ ತಗೋಬಾರದು, ಈ ಮನುಷ್ಯ ಏನು ಕೆಲಸ ಮಾಡ್ತಿದ್ದ, ಈ ಗಾಯದಿಂದ ಆ ಕೆಲಸಕ್ಕೆ ಏನಾಯ್ತು ಅಂತ ನೋಡಬೇಕು ಅಂತ. ಟೀಚರಿಗೆ ಬಲಭುಜ ಹಿಡಿದುಕೊಂಡ್ರೆ ಪಾಠ ಮಾಡಬಹುದು, ಆದ್ರೆ ಟೈಲರಿಗೆ? ದಿನಕ್ಕೆ ಎಂಟು ಗಂಟೆ ಕತ್ತು ಬಗ್ಗಿಸಿ, ಬಲಗೈಲಿ ಬಟ್ಟೆ ತಳ್ಳಬೇಕು, ಕೈ ಎತ್ತಿ ಕತ್ತರಿ ಆಡಿಸಬೇಕು, ಅಳತೆ ತಗೊಳ್ಳೋಕೆ ಟೇಪ್ ಎತ್ತಬೇಕು. ಇದನ್ನ ನಿಮ್ಮ ಸಾಕ್ಷಿಲಿ ಹೀಗೇ ಬಿಡಿಸಿ ಹೇಳಬೇಕು, ಅರ್ಜಿದಾರರು ಕೆಲಸ ಮಾಡಲು ಅಸಮರ್ಥರಾಗಿದ್ದಾರೆ ಅಂತ ವಕೀಲರ ಭಾಷೇಲಿ ಒಂದು ಸಾಲು ಹಾಕಿದ್ರೆ ಯಾರಿಗೂ ತಟ್ಟಲ್ಲ.

ಡಿಸೆಬಿಲಿಟಿ ಸರ್ಟಿಫಿಕೇಟ್ ದುಡ್ಡಿಗೆ ಕೊಡಿಸ್ತೀವಿ, 30 ಪರ್ಸೆಂಟ್ ಹಾಕಿಸ್ತೀವಿ ಅನ್ನೋ ಬ್ರೋಕರುಗಳು ಆಸ್ಪತ್ರೆ ಗೇಟಲ್ಲೇ ಸಿಗ್ತಾರೆ. ದಯವಿಟ್ಟು ಬೇಡ. ನಿಮ್ಮನ್ನ ಒಂದು ದಿನಾನೂ ನೋಡದ ಡಾಕ್ಟ್ರು ಬಂದು 30 ಅಂದ್ರೆ, ಕ್ರಾಸಲ್ಲಿ ಇವರಿಗೆ ನೀವು ಟ್ರೀಟ್‌ಮೆಂಟ್ ಕೊಟ್ಟಿದೀರಾ ಅಂತ ಒಂದೇ ಪ್ರಶ್ನೆ, ಇಲ್ಲ ಅನ್ನೋ ಒಂದೇ ಉತ್ತರ, ಆಮೇಲೆ ನಿಮ್ಮ ನಿಜವಾದ ನೋವನ್ನೂ ಯಾರೂ ನಂಬಲ್ಲ. ಟ್ರೀಟ್‌ಮೆಂಟ್ ಕೊಟ್ಟ ಮೂಳೆ ಡಾಕ್ಟ್ರನ್ನೇ ಕೇಳಿ, ಟ್ರೀಟ್‌ಮೆಂಟ್ ಎಲ್ಲ ಮುಗಿದು ಇನ್ನು ಇಷ್ಟೇ ಅಂತ ಆದ ಮೇಲೆ ಅಳೆದು ಕೊಡಲಿ, ಅದು ಶೇ. 4 ಆದ್ರೂ ಪರವಾಗಿಲ್ಲ, ಏನೂ ಉಳಿದಿಲ್ಲ ಅಂದ್ರೆ ಅದು ದೇವರು ದೊಡ್ಡವನು ಅಂತ ಖುಷಿ ಪಡೋ ವಿಷಯ.

ಆದಾಯಕ್ಕೆ ದಾಖಲೆ ಇಲ್ಲ ಅಂತ ನೀವು ಚಿಂತೆ ಮಾಡ್ತಿರಬಹುದು. ಏನೂ ಇಲ್ಲದೇ ಹೋದ್ರೆ ಅಪಘಾತ ಆದ ವರ್ಷಕ್ಕೆ ತಕ್ಕ ಹಾಗೆ ಒಂದು ಅಂದಾಜು ಆದಾಯ ಹಿಡೀತಾರೆ, ಕರ್ನಾಟಕದಲ್ಲಿ ಲೋಕ ಅದಾಲತ್‌ಗಳಿಗೆ ಅಂತ ಮಾಡಿರೋ ಚಾರ್ಟನ್ನೇ ಕೋರ್ಟುಗಳೂ ನೋಡ್ತವೆ. ಆದ್ರೆ ನಿಮ್ಮ ಹತ್ರ ಅದಕ್ಕಿಂತ ಒಳ್ಳೇ ದಾಖಲೆ ಇದೆ, ನಿಮಗೇ ಗೊತ್ತಿಲ್ಲ ಅಷ್ಟೆ. ಅಳತೆ ಬರ್ಕೊಳ್ಳೋ ಪುಸ್ತಕ ಇರುತ್ತಲ್ಲ, ಹೆಸರು, ಎದೆ ಸುತ್ತಳತೆ, ತೋಳು, ಡೆಲಿವರಿ ತಾರೀಖು, ಅಡ್ವಾನ್ಸ್ ಎಷ್ಟು ಬಾಕಿ ಎಷ್ಟು ಅಂತ ಎಲ್ಲ ಅದರಲ್ಲಿ ಇರುತ್ತೆ.

ಕೆಲವು ವರ್ಷದ ಹಿಂದೆ ಹೂ ಕಟ್ಟಿ ಮಾರೋ ಒಬ್ಬ ತಾಯಿ ಬಂದಿದ್ರು, ಬೈಕ್ ಗುದ್ದಿ ಬಲಗೈ ಮಣಿಕಟ್ಟಿನ ಲಿಗಮೆಂಟ್ ಹೋಗಿತ್ತು, ಎಕ್ಸ್‌ರೇ ಕ್ಲೀನು. ಅವರ ಹತ್ರ ಆದಾಯಕ್ಕೆ ಒಂದು ಚೂರು ಕಾಗದ ಇರಲಿಲ್ಲ. ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಬಿಡಿ ಹೂ ಸಾಲಕ್ಕೆ ಕೊಡೋ ಮಂಡಿಯವನು ಇವರ ಹೆಸರಲ್ಲಿ ಒಂದು ಉದ್ದನೆ ಚಿಕ್ಕ ಪುಸ್ತಕ ಇಟ್ಟಿದ್ದಾನೆ ಅಂತ. ತರಿಸಿ ನೋಡಿದ್ವಿ. ಅರಿಶಿನದ ಕಲೆ, ನೀರು ಬಿದ್ದು ಊದಿರೋ ಹಾಳೆಗಳು, ಅಪಘಾತಕ್ಕೆ ಮುಂಚೆ ದಿನಾ ಮಲ್ಲಿಗೆ 3 ಕೆಜಿ, ಸೇವಂತಿಗೆ 4 ಕೆಜಿ, ಆಮೇಲೆ ಐವತ್ತು ದಿನ ಬರೀ ಗೀಟು, ಆಮೇಲೆ ಮಲ್ಲಿಗೆ ಅರ್ಧ ಕೆಜಿ, ಮುಕ್ಕಾಲು ಕೆಜಿ, ಒಂದು ಕೆಜಿ, ವರ್ಷ ಆದ್ರೂ ಒಂದೂವರೆ ದಾಟಿರಲಿಲ್ಲ. ಮಂಡಿಯವನನ್ನೇ ಸಾಕ್ಷಿಗೆ ಕರೆಸಿದ್ವಿ. ಇನ್ಶೂರೆನ್ಸ್ ವಕೀಲರು ಆ ಪುಸ್ತಕ ತಿರುವಿ ತಿರುವಿ ನೋಡಿ ಎರಡೇ ಪ್ರಶ್ನೆ ಕೇಳಿ ಕೂತ್ರು. ಆ ಕೈಗೆ ಏನಾಗಿದೆ ಅನ್ನೋದನ್ನ ಡಾಕ್ಟ್ರಿಗಿಂತ ಚೆನ್ನಾಗಿ ಆ ಪುಸ್ತಕ ಹೇಳ್ತಿತ್ತು.

ನಿಮ್ಮ ಅಳತೆ ಪುಸ್ತಕನೂ ಹಾಗೇ. ಯುಗಾದಿ, ವರಮಹಾಲಕ್ಷ್ಮಿ ಹಬ್ಬದ ಮುಂಚೆ ಎಷ್ಟು ಬ್ಲೌಸ್ ಇರ್ತಿತ್ತು, ಈಗೆಷ್ಟು ಇದೆ ಅನ್ನೋದು ಅದರಲ್ಲಿ ತಾನಾಗೇ ಬರುತ್ತೆ. ಹೊಸದಾಗಿ ಕೂತು ಹಿಂದಿನ ತಾರೀಖು ಹಾಕಿ ಬರೀಬೇಡಿ, ಒಂದೇ ಪೆನ್ನಲ್ಲಿ ಬರೆದ ಆರು ತಿಂಗಳ ಪುಸ್ತಕ ಯಾರಿಗಾದ್ರೂ ಗೊತ್ತಾಗುತ್ತೆ. ಇದ್ದದ್ದನ್ನ ಇದ್ದ ಹಾಗೆ ಕೊಡಿ. ಕೆಲಸ ವಾಪಸ್ ಕೊಟ್ಟ ಗಿರಾಕಿಗಳು ವಾಟ್ಸಾಪಲ್ಲಿ ಮೆಸೇಜ್ ಹಾಕಿದ್ರೆ ಅದನ್ನೂ ಉಳಿಸಿ. ಮೆಡಿಕಲ್ ಬಿಲ್ಲುಗಳಿಗೆ ಡಾಕ್ಟರ ಚೀಟಿ ಜೊತೆಗೆ ಇರಬೇಕು, ಚೀಟಿ ಇಲ್ಲದ ಬಿಲ್ಲು ಟ್ರಿಬ್ಯೂನಲ್ ಪಕ್ಕಕ್ಕೆ ಇಡುತ್ತೆ. ಫಿಸಿಯೋ ಬಿಲ್ಲಲ್ಲಿ ಹತ್ತು ಸಿಟ್ಟಿಂಗ್ ಅಂತ ಅಷ್ಟೇ ಬೇಡ, ಯಾವ್ಯಾವ ತಾರೀಖು ಅಂತ ಬರೆಸ್ಕೊಳ್ಳಿ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ಪರ್ಸೆಂಟೇಜ್ ಮಾತಾಡೋರ ಹತ್ರ ಹೋಗೋಕೆ ಮುಂಚೆ ಒಂದು ತಿಳ್ಕೊಳ್ಳಿ, ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ವಕೀಲರು ಮಾತಾಡ್ಕೊಳ್ಳೋದನ್ನ ಬಾರ್ ಕೌನ್ಸಿಲ್ ನಿಯಮನೇ ಒಪ್ಪಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಲ್ಲೇ ಇದೆ. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ಮುಂದೆ ಲೋಕ ಅದಾಲತ್‌ಗೆ ಕರೀಬಹುದು. ನಾನು ಅದನ್ನ ಬೇಡ ಅನ್ನಲ್ಲ, ಇಂಥ ಸಣ್ಣ ಮಧ್ಯಮ ಕೇಸಿಗೆ ನಾಲ್ಕು ವರ್ಷ ಅಲೆಯೋ ಬದಲು ಸರಿಯಾದ ಮೊತ್ತಕ್ಕೆ ಅಲ್ಲಿ ಮುಗಿಸ್ಕೊಳ್ಳೋದು ಎಷ್ಟೋ ಸಲ ಒಳ್ಳೇದು, ದುಡ್ಡೂ ಬೇಗ ಕೈಗೆ ಬರುತ್ತೆ. ಆದ್ರೆ ಅಲ್ಲಿ ಆದ ರಾಜಿ ಮೇಲೆ ಅಪೀಲ್ ಇಲ್ಲ, ಹಾಗಾಗಿ ಭುಜಕ್ಕೆ ಆಪರೇಷನ್ ಬೇಕೋ ಬೇಡ್ವೋ ಅಂತ ಡಾಕ್ಟ್ರು ಖಚಿತವಾಗಿ ಹೇಳೋವರೆಗೂ ಒಪ್ಕೋಬೇಡಿ.

ಕೊನೇದಾಗಿ ನೀವು ಹೊಲಿಯೋ ವಿಷಯ ಕೇಳಿದ್ರಲ್ಲ. ಹೊಲೀರಿ ಅಮ್ಮಾ. ಡಾಕ್ಟ್ರು ಬೇಡ ಅಂದಿಲ್ಲ ಅಂದ್ರೆ ಆಗೋಷ್ಟು ಹೊಲೀರಿ. ಕೇಸಿಗೋಸ್ಕರ ಮೆಷಿನ್ ಮೇಲೆ ಬಟ್ಟೆ ಮುಚ್ಚಿ ಕೂರಬೇಡಿ, ಮನೆ ನಡೀಬೇಕಲ್ವಾ. ಇನ್ಶೂರೆನ್ಸ್ ಕಡೆಯವರು ಅಕ್ಕಪಕ್ಕದ ಮನೇಲಿ ವಿಚಾರಿಸೋದುಂಟು, ಗಿರಾಕಿ ಥರ ಬ್ಲೌಸ್ ಪೀಸ್ ಹಿಡ್ಕೊಂಡು ಬರೋದೂ ಉಂಟು. ಬರಲಿ. ನೀವು ಏನೂ ಹೊಲಿಯಲ್ಲ ಅಂತ ಸುಳ್ಳು ಹೇಳಿದ್ರೆ ಮಾತ್ರ ಅದು ಭಯ, ಮೊದಲು ದಿನಕ್ಕೆ ನಾಲ್ಕು ಬ್ಲೌಸ್ ಹೊಲಿತಿದ್ದೆ, ಈಗ ಒಂದು ಹೊಲಿದು ಭುಜಕ್ಕೆ ಬಿಸಿನೀರಿನ ಬ್ಯಾಗ್ ಇಟ್ಕೊಂಡು ಮಲಗ್ತೀನಿ ಅಂತ ಇದ್ದದ್ದನ್ನೇ ಹೇಳಿದ್ರೆ, ಅವರು ಬಂದು ನೋಡಿದ್ರೂ ಅದೇ ತಾನೇ ಕಾಣೋದು. ಆ ಒಂದು ಬ್ಲೌಸನ್ನೂ ತಾರೀಖು ಹಾಕಿ ಅದೇ ಅಳತೆ ಪುಸ್ತಕದಲ್ಲಿ ಬರ್ಕೊಳ್ಳಿ.